ಜೂಜು ಒಂದು ಉದ್ಯೋಗವಾ? ಎರಡು ನೋಟ್‌ಬುಕ್, ಮೂರು ಕೋರ್ಟು

ಭಾಗ 1

ಮೊದಲ ಫೋಟೊ ನೋಡಿ. ನೀಲಿ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್ಕು. ನಮ್ಮ ಸೋದರಮಾವನದು. ಮಾವ ತೀರಿಕೊಂಡ ಮೇಲೆ ಟ್ರಂಕ್ ಖಾಲಿ ಮಾಡುವಾಗ ಸಿಕ್ಕಿತು. ಒಳಗೆ ಬರೀ ಅಂಕಿಗಳು. ತಾರೀಖು, ಎರಡಂಕಿಯ ಒಂದು ನಂಬರು, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಬಂದ ದುಡ್ಡು. ಓಸಿ ಲೆಕ್ಕ. ಮಟ್ಕಾ ಅಂದ್ರೂ ಅದೇ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳ್ತೀನಿ. ಓಪನ್-ಕ್ಲೋಸ್ ಅನ್ನೋದೇ ನಮ್ಮ ಬಾಯಲ್ಲಿ ಓಸಿ ಆಯ್ತು. ಮೊದಲಿಗೆ ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಬೆಳಗಿನ ದರ, ಸಂಜೆಯ ದರ ತಂತಿಯಲ್ಲಿ ಬಾಂಬೆಗೆ ಬರ್ತಿತ್ತು, ಆ ದರದ ಅಂಕಿಗಳ ಮೇಲೆ ಜನ ಪಣ ಕಟ್ತಿದ್ರು. 1961ರಲ್ಲಿ ಆ ದರ ಬರೋದು ನಿಂತಿತು. ಆಟ ನಿಲ್ಲಲಿಲ್ಲ. ಮಡಕೆಯಿಂದ ಚೀಟಿ ಎತ್ತೋದು ಶುರುವಾಯ್ತು, ಆಮೇಲೆ ಇಸ್ಪೀಟು ಬಂತು. ಬಾಂಬೆಯಲ್ಲಿ ಬಿದ್ದ ನಂಬರಿಗೆ ನಮ್ಮ ಊರಿನ ಚಹಾದ ಅಂಗಡಿಯಲ್ಲಿ ಜನ ಉಸಿರು ಬಿಗಿಹಿಡಿದು ಕೂತಿರ್ತಿದ್ರು.

ಮಾವನ ಕಾಲಕ್ಕೆ ನಮ್ಮ ಕಡೆ ಒಂದು ರೂಪಾಯಿಗೆ ಎಂಬತ್ತು. ಅಂದ್ರೆ 00ರಿಂದ 99ರವರೆಗೆ ನೂರು ನಂಬರು, ನಿಮ್ಮದು ಬಿದ್ದರೆ ಎಂಬತ್ತು ರೂಪಾಯಿ. ನೂರಕ್ಕೆ ನೂರು ಸಿಗಬೇಕಾದ ಜಾಗದಲ್ಲಿ ಎಂಬತ್ತು. ಉಳಿದ ಇಪ್ಪತ್ತು ಎಲ್ಲಿಗೆ ಹೋಯ್ತು ಅಂತ ಮಾವ ಒಂದಿನವೂ ಕೇಳಲಿಲ್ಲ. ಅವರಿಗೆ ಕನಸಲ್ಲಿ ಬಂದ ಹಾವು, ಎದುರಿಗೆ ಬಂದ ಬಸ್ಸಿನ ನಂಬರು, ಇದೇ ಯೋಚನೆ. ದಿನಕ್ಕೆ ಐವತ್ತು ರೂಪಾಯಿ ಹಾಕಿದ್ರೂ ವರ್ಷಕ್ಕೆ 18,250. ಅದರಲ್ಲಿ ಐದನೇ ಒಂದು ಭಾಗ, 3,650 ರೂಪಾಯಿ, ಯಾವ ನಂಬರು ಬಿದ್ದರೂ ಬಿಡ್ಲಿ ಸರಾಸರಿಯಲ್ಲಿ ಹೋಗಲೇಬೇಕು. ಅದೂ ಅವರು ಐವತ್ತಕ್ಕೇ ನಿಲ್ಲಿಸ್ತಿದ್ರು ಅಂತ ಇಟ್ಕೊಂಡ್ರೆ.

ಈ ನೋಟ್‌ಬುಕ್ಕಿನ ವಿಶೇಷ ಏನು ಗೊತ್ತಾ? ಇದರಲ್ಲಿ ಗೆದ್ದ ದಿನಗಳು ಮಾತ್ರ ಇವೆ. ಸೋತ ದಿನ ಒಂದೂ ಇಲ್ಲ. ಓದಿದರೆ ಮಾವನಿಗೆ ಒಳ್ಳೆ ಸಂಪಾದನೆ ಇತ್ತು ಅನ್ನಿಸುತ್ತೆ. ಅತ್ತೆಯ ಎರಡೆಳೆ ಸರ ಎಲ್ಲಿ ಹೋಯ್ತು ಅನ್ನೋದು ಇದರಲ್ಲಿ ಬರೆದಿಲ್ಲ.

ಇದನ್ನ ಈಗ ಯಾಕೆ ತೆಗೆದೆ ಅಂದ್ರೆ, ಹೋದ ತಿಂಗಳು ಒಬ್ಬ ಹುಡುಗ ಮೆಸೇಜ್ ಹಾಕಿದ್ದ. ಆನ್‌ಲೈನ್ ರಮ್ಮಿ ಆಡ್ತಿದ್ದನಂತೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಕಟ್ಟಿ ಆಡುವ ಆ್ಯಪ್‌ಗಳೆಲ್ಲ ಬಂದ್ ಆದ್ವಲ್ಲ, ಅಲ್ಲಿಗೆ ಅವನ ಆಟವೂ ನಿಂತಿತು. ಈಗ ಕೆಲಸ ಬಿಟ್ಟು ಗೋವಾಕ್ಕೆ ಹೋಗಿ ಪೋಕರ್ ಆಡ್ತೀನಿ ಅಂತಾನೆ. ಪ್ರಶ್ನೆ ಇಷ್ಟೇ: "ಇತಿಹಾಸದಲ್ಲಿ ಯಾರಾದ್ರೂ ಇದರಲ್ಲೇ ಬದುಕಿದ್ದಾರಾ? ಇದನ್ನ ಉದ್ಯೋಗ ಅನ್ನಬಹುದಾ?"

ಬುದ್ಧಿ ಹೇಳೋ ಪೇಜ್ ಇದಲ್ಲ. ಆದ್ರೆ ಪ್ರಶ್ನೆ ಇತಿಹಾಸದ್ದೇ, ಹಾಗಾಗಿ ಉತ್ತರ ಕೊಡಲೇಬೇಕು.

ಭಾಗ 2

ತೀರಾ ಹಳೆಯದರಿಂದ ಶುರು ಮಾಡೋಣ, ಬೇಗ ಮುಗಿಸೋಣ.

ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಒಬ್ಬ ಜೂಜುಗಾರನ ಗೋಳು. ಆಗ ದಾಳ ಅಂದ್ರೆ ತಾರೆಕಾಯಿ, ನಮ್ಮ ಮಲೆನಾಡಿನ ಕಾಡಲ್ಲಿ ಈಗಲೂ ಬಿದ್ದಿರುತ್ತಲ್ಲ, ಅದೇ. ಹೆಂಡತಿ ದೂರ ಮಾಡಿದ್ದಾಳೆ, ಅತ್ತೆ ಕಂಡರೆ ಉರಿದುಬೀಳ್ತಾಳೆ, ಸಾಲ ಕೊಡುವವರಿಲ್ಲ. ಕೊನೆಗೆ ಅವನಿಗೆ ಸಿಗುವ ಸಲಹೆ ದಾಳ ಬಿಡು, ಹೊಲ ಉಳು ಅನ್ನೋದು. ಅಂದ್ರೆ ಜೂಜಿಗೆ ಎದುರಾಗಿ ಒಂದು ಉದ್ಯೋಗವನ್ನೇ ತೋರಿಸಿದ್ದಾರೆ, ಗಮನಿಸಿ. ಈ ಸೂಕ್ತವನ್ನ ನೆನಪಿಟ್ಕೊಳ್ಳಿ, ಮುಂದೆ ಒಂದು ಅನಿರೀಕ್ಷಿತ ಜಾಗದಲ್ಲಿ ಮತ್ತೆ ಸಿಗುತ್ತೆ.

ಎರಡನೇ ಫೋಟೊ ಮೈಸೂರಿನ ಓರಿಯಂಟಲ್ ಲೈಬ್ರರಿಯದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಬೆಳಕಿಗೆ ಬಂದದ್ದು ಇಲ್ಲೇ. ಆರ್. ಶಾಮಶಾಸ್ತ್ರಿಗಳು ಅದನ್ನ 1909ರಲ್ಲಿ ಅಚ್ಚು ಹಾಕಿಸಿದ್ರು. ಅದರಲ್ಲಿ ದ್ಯೂತಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಬರ್ತಾನೆ. ಜೂಜು ಒಂದೇ ಕಡೆ ನಡೀಬೇಕು, ಬೇರೆ ಕಡೆ ಆಡಿದರೆ 12 ಪಣ ದಂಡ. ದಾಳ ಸರ್ಕಾರದ್ದೇ, ಅದಕ್ಕೆ ಬಾಡಿಗೆ. ಗೆದ್ದವನಿಂದ ನೂರಕ್ಕೆ ಐದು ರಾಜನಿಗೆ.

ಸೋತವನಿಂದ ಏನೂ ಇಲ್ಲ, ಗೆದ್ದವನಿಂದ ಐದು. ಉದಾರ ಅನ್ನಿಸುತ್ತೆ ಅಲ್ವಾ? ಹಾಗಾದ್ರೆ ಹೀಗೆ ಯೋಚಿಸಿ. ಇಬ್ಬರು ಸಮಬಲದವರು ನೂರು ಪಣದಿಂದ ಶುರು ಮಾಡಿ ಇಡೀ ರಾತ್ರಿ ಆಡ್ತಾರೆ. ಒಮ್ಮೆ ಇವನು ಗೆಲ್ತಾನೆ, ಒಮ್ಮೆ ಅವನು. ಪ್ರತಿ ಸಲ ಐದು ಹೋಗ್ತಾ ಇದೆ. ಬೆಳಗಾಗುವಷ್ಟರಲ್ಲಿ ಇಬ್ಬರ ಗಂಟೂ ಕರಗಿರುತ್ತೆ. ಆ ಕಟ್ಟೆಯಲ್ಲಿ ತಪ್ಪದೆ ಸಂಬಳ ಎಣಿಸುತ್ತಿದ್ದವನು ದ್ಯೂತಾಧ್ಯಕ್ಷ ಒಬ್ಬನೇ.

ಭಾಗ 3

ಈಗ ಕೋರ್ಟುಗಳಿಗೆ ಬನ್ನಿ. "ಜೂಜು ಉದ್ಯೋಗವಾ?" ಅನ್ನೋ ಪ್ರಶ್ನೆಯನ್ನ ಮೂರು ದೇಶದ ನ್ಯಾಯಾಧೀಶರು ಗಂಭೀರವಾಗಿ ತಗೊಂಡಿದ್ದಾರೆ. ಮೂರು ಸಲವೂ ಕಾರಣ ಒಂದೇ, ತೆರಿಗೆ.

ಮೊದಲನೇದು ಲಂಡನ್, 1925. ಗ್ರಹಾಂ ಎಂಬಾತ. ಮನೆಯಲ್ಲೇ ಕೂತು ಕುದುರೆಗಳ ಮೇಲೆ ದುಡ್ಡು ಕಟ್ಟೋದೇ ಅವನ ಜೀವನೋಪಾಯ, ಬೇರೆ ಕಸುಬಿಲ್ಲ. ತೆರಿಗೆಯವರು ಬಂದು, ಇದು ನಿನ್ನ ವೃತ್ತಿ, ತೆರಿಗೆ ಕಟ್ಟು ಅಂದ್ರು. ನ್ಯಾಯಮೂರ್ತಿ ರೌಲಟ್ ಒಪ್ಪಲಿಲ್ಲ. (ಹೌದು, ಜಲಿಯನ್‌ವಾಲಾಬಾಗಿಗೆ ಮುಂಚಿನ ಆ ರೌಲಟ್ ಕಾಯ್ದೆಗೆ ಹೆಸರಾದವರೇ.) ಪಣ ಸ್ವೀಕರಿಸುವ ಬುಕ್ಕಿಯದು ವ್ಯಾಪಾರ, ಪಣ ಕಟ್ಟುವವನದು ವ್ಯಾಪಾರ ಅಲ್ಲ, ಅವನು ಎಷ್ಟೇ ಸಲ ಕಟ್ಟಲಿ. ಇದು ಅವರ ತೀರ್ಪಿನ ಸಾರ. ಗ್ರಹಾಂಗೆ ತೆರಿಗೆ ಉಳೀತು.

ಅವನು ಖುಷಿಪಟ್ಟಿರಬೇಕು. ಆದ್ರೆ ಏನಾಯ್ತು ನೋಡಿ. ಒಂದೇ ಪಂದ್ಯ, ಒಂದೇ ದುಡ್ಡು, ಕೌಂಟರಿನ ಆ ಕಡೆ ಕೂತವನದು ಉದ್ಯೋಗ, ಈ ಕಡೆ ನಿಂತವನದು ಬರೀ ಆಟ ಅಂತ ಕಾನೂನೇ ಹೇಳಿದಂತಾಯ್ತು.

ಭಾಗ 4

ಎರಡನೇ ಕೇಸು ನಮ್ಮ ಬೆಂಗಳೂರಿನಿಂದ ಹೊರಟದ್ದು. ಇದು ಎಷ್ಟು ಜನರಿಗೆ ಗೊತ್ತೋ!

1950ರ ಹೊತ್ತಿಗೆ ಪದಬಂಧದ ಬಹುಮಾನ ಸ್ಪರ್ಧೆಗಳ ಹುಚ್ಚು ಹತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಉತ್ತರ ತುಂಬಿ ಕಳಿಸೋದು, ಆಯೋಜಕರು ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ನಮ್ಮದು ಹೊಂದಿದರೆ ಬಹುಮಾನ. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಎಂಬುವರದು ಅಂಥ ಒಂದು ದೊಡ್ಡ ಸ್ಪರ್ಧೆ. ಅದು ಬರ್ತಿದ್ದದ್ದು 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯಲ್ಲಿ. ಅಚ್ಚಾಗ್ತಿದ್ದದ್ದು ಬೆಂಗಳೂರಲ್ಲಿ, ಕಂಪನಿ ಮೈಸೂರು ರಾಜ್ಯದ್ದು, ಆದ್ರೆ ಬಾಂಬೆ ರಾಜ್ಯದಲ್ಲೂ ಸಿಕ್ಕಾಪಟ್ಟೆ ಓಡ್ತಿತ್ತು. ಹೊರಗೆ ಅಚ್ಚಾಗಿ ನಮ್ಮಲ್ಲಿ ದುಡ್ಡು ಎತ್ತುವ ಇಂಥ ಸ್ಪರ್ಧೆಗಳಿಗೂ ಲೈಸೆನ್ಸು, ತೆರಿಗೆ ಅಂತ ಬಾಂಬೆ ಸರ್ಕಾರ 1952ರಲ್ಲಿ ಕಾನೂನು ತಿದ್ದಿತು. ಇವರು ಕೋರ್ಟಿಗೆ ಹೋದ್ರು. ವಾದ ಏನು? ಯಾವುದೇ ವ್ಯಾಪಾರ ಮಾಡೋ ಹಕ್ಕು ಸಂವಿಧಾನದಲ್ಲಿದೆ, ಇದೂ ವ್ಯಾಪಾರವೇ.

1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದದ್ದು. ಅದರಲ್ಲಿ ಅವರು ಋಗ್ವೇದದ ಅದೇ ಜೂಜುಗಾರನ ಸೂಕ್ತವನ್ನ ತಂದು ಮುಂದಿಟ್ಟರು, ಪಾಂಡವರನ್ನೂ ಮನುವನ್ನೂ ಕರೆಸಿದರು. ಜೂಜು ವ್ಯಾಪಾರವೇ ಅಲ್ಲ, ಸಂವಿಧಾನ ಕಾಪಾಡುವ ಉದ್ಯಮಗಳ ಸಾಲಿಗೆ ಅದು ಬರೋದೇ ಇಲ್ಲ, ಇದು ತೀರ್ಮಾನ. ರೌಲಟ್ ಆಡುವವನಿಗೆ ಮಾತ್ರ ಇಲ್ಲ ಅಂದಿದ್ರು. ದಾಸ್ ಅವರು ಆಡಿಸುವವನಿಗೂ ಇಲ್ಲ ಅಂದ್ರು.

ಕೌಶಲ ಇದ್ದರೆ ಮಾತು ಬೇರೆ ಅನ್ನೋ ಕಿಂಡಿಯನ್ನ ಮಾತ್ರ ಅವತ್ತಿನ ತೀರ್ಪುಗಳು ಉಳಿಸಿದ್ದವು. ಆ ಕಿಂಡಿಯಲ್ಲೇ 1967ರಲ್ಲಿ ರಮ್ಮಿ ಒಳಗೆ ಬಂತು, 1996ರಲ್ಲಿ ಕುದುರೆ ರೇಸು ಬಂತು. ಕರ್ನಾಟಕ ಸರ್ಕಾರ 2021ರಲ್ಲಿ ತಂದ ಆನ್‌ಲೈನ್ ನಿಷೇಧವನ್ನ 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟ್ ಬಿದ್ದುಹಾಕುವಾಗಲೂ ಚರ್ಚೆ ಆಗಿದ್ದು ಇದೇ ಕೌಶಲದ ಬಗ್ಗೆ. ನಮ್ಮ ಹುಡುಗ ಬೆಳೆದದ್ದು ಆ ಕಿಂಡಿಯ ಬೆಳಕಿನಲ್ಲಿ. "ಸಾರ್, ಸುಪ್ರೀಂ ಕೋರ್ಟೇ ರಮ್ಮಿ ಸ್ಕಿಲ್ ಅಂದಿದೆ" ಅಂತ ನನಗೇ ಪಾಠ ಮಾಡಿದ.

ಸ್ಕಿಲ್ ಇರಬಹುದು ಕಣಪ್ಪ. ಆಟದಲ್ಲಿ ಸ್ಕಿಲ್ ಇದೆ ಅಂದ್ರೆ ಆ ಸ್ಕಿಲ್ ನಿನ್ನ ಹತ್ತಿರ ಇದೆ ಅಂತ ಕೋರ್ಟು ಸರ್ಟಿಫಿಕೇಟ್ ಕೊಟ್ಟ ಹಾಗಲ್ಲ.

ಭಾಗ 5

ಮೂರನೇ ಕೇಸು ನನಗೆ ತುಂಬಾ ಇಷ್ಟ. ಇಲ್ಲಿ ಎರಡನೇ ನೋಟ್‌ಬುಕ್ ಬರುತ್ತೆ.

ಅಮೆರಿಕದ ರಾಬರ್ಟ್ ಗ್ರೋಟ್‌ಸಿಂಗರ್ ಇಪ್ಪತ್ತು ವರ್ಷ ಒಂದು ಕಂಪನಿಯಲ್ಲಿ ಮಾರಾಟ ವಿಭಾಗದಲ್ಲಿದ್ದ. 1978ರ ಫೆಬ್ರುವರಿಯಲ್ಲಿ ಕೆಲಸ ಹೋಯ್ತು. ಬೇರೆ ಕೆಲಸ ಹುಡುಕಲಿಲ್ಲ, ನಾಯಿ ಓಟದ ಮೇಲೆ ಪಣ ಕಟ್ಟೋದಕ್ಕೆ ಇಳಿದ. ತಮಾಷೆಗಲ್ಲ. ಆ ವರ್ಷದ 48 ವಾರ, ವಾರಕ್ಕೆ ಆರು ದಿನ ಟ್ರ್ಯಾಕಿಗೆ ಹಾಜರು. ಓಟಗಳ ಪಟ್ಟಿ, ನಾಯಿಗಳ ಹಳೆಯ ದಾಖಲೆ ಎಲ್ಲ ಓದಿ ವಾರಕ್ಕೆ 60ರಿಂದ 80 ಗಂಟೆ ದುಡಿಮೆ. ಬೇರೆಯವರ ಪರವಾಗಿ ಆಡಲಿಲ್ಲ, ಟಿಪ್ಸ್ ಮಾರಲಿಲ್ಲ. ಮುಖ್ಯ ವಿಷಯ ಏನಂದ್ರೆ ಪ್ರತಿದಿನದ ಗೆಲುವನ್ನೂ ಸೋಲನ್ನೂ ಪುಸ್ತಕದಲ್ಲಿ ಬರೆದಿಟ್ಟ.

ಸೋಲನ್ನ ವ್ಯಾಪಾರದ ನಷ್ಟ ಅಂತ ತೋರಿಸಬಹುದಾ ಅನ್ನೋ ತಕರಾರು ವರ್ಷಗಟ್ಟಲೆ ನಡೆದು ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 1987ರಲ್ಲಿ ಆರು ಜನ ನ್ಯಾಯಾಧೀಶರು ಹೌದು, ಮೂವರು ಇಲ್ಲ. ಬರೀ ಹವ್ಯಾಸಕ್ಕಲ್ಲದೆ, ಜೀವನೋಪಾಯಕ್ಕಾಗಿ, ಪೂರ್ಣಾವಧಿ, ನಿಯಮಿತವಾಗಿ ಆಡುವವನದು ಉದ್ಯೋಗವೇ.

ಅಂತೂ ಒಂದು ಕೋರ್ಟು ಹೌದು ಅಂದಿತು. ಜೂಜು ಒಂದು ಉದ್ಯೋಗ.

ಈಗ ಅವನ ಪುಸ್ತಕ ತೆರೆಯೋಣ. ಆ ವರ್ಷ ಕಟ್ಟಿದ ಒಟ್ಟು ಪಣ 72,032 ಡಾಲರ್. ವಾಪಸ್ ಬಂದದ್ದು 70,000. ಒಟ್ಟು ನಷ್ಟ 2,032 ಡಾಲರ್.

ಪೂರ್ಣಾವಧಿ ಜೂಜುಗಾರ ಅಂತ ಅಷ್ಟು ದೊಡ್ಡ ಕೋರ್ಟು ಮುದ್ರೆ ಒತ್ತಿದ ಮನುಷ್ಯ ಆ ವರ್ಷ ಸೋತಿದ್ದ. ಗಂಟೆ ಲೆಕ್ಕ ಹಾಕಿದೆ. ವಾರಕ್ಕೆ 60 ಗಂಟೆ ಅಂದ್ರೆ 2,880 ಗಂಟೆ, 80 ಅಂದ್ರೆ 3,840. ಪ್ರತಿ ಗಂಟೆ ದುಡಿಯೋದಕ್ಕೆ ತಾನೇ ಐವತ್ತು-ಎಪ್ಪತ್ತು ಸೆಂಟ್ ಕೈಯಿಂದ ಕೊಟ್ಟ.

ಇದನ್ನ ಅವನನ್ನ ಆಡಿಕೊಳ್ಳೋದಕ್ಕೆ ಹೇಳ್ತಿಲ್ಲ. ನಿಜ ಹೇಳಬೇಕಂದ್ರೆ ಅವನು ಭಾರಿ ಆಟಗಾರ. ಅಂಥ ಓಟಗಳಲ್ಲಿ ಎಲ್ಲರ ಪಣ ಒಟ್ಟುಗೂಡಿಸಿ, ಟ್ರ್ಯಾಕಿನವರು ದೊಡ್ಡ ಪಾಲು ಮೊದಲೇ ಎತ್ತಿಕೊಂಡು, ಉಳಿದದ್ದನ್ನ ಗೆದ್ದವರಿಗೆ ಹಂಚ್ತಾರೆ. ಕಣ್ಣುಮುಚ್ಚಿ ಆಡಿದ್ದರೆ ಅದರ ಎಷ್ಟೋ ಪಟ್ಟು ಸೋಲಬೇಕಿತ್ತು. ನೂರಕ್ಕೆ ಮೂರೂ ಸೋಲಲಿಲ್ಲ ಅಂದ್ರೆ ಪಕ್ಕದಲ್ಲಿ ನಿಂತಿದ್ದ ಹೆಚ್ಚಿನವರಿಗಿಂತ ಅವನಿಗೆ ನಾಯಿಗಳು ಚೆನ್ನಾಗಿ ಗೊತ್ತಿದ್ದವು. ಅಷ್ಟು ಗೊತ್ತಿದ್ದೂ ಸಾಲಲಿಲ್ಲ. ಬೇರೆ ಆಟಗಾರರನ್ನ ಸೋಲಿಸಿದರೆ ಸಾಲದು, ಟ್ರ್ಯಾಕಿನವರ ಪಾಲನ್ನೂ ದಾಟಬೇಕು. ಪೋಕರ್ ಕೂಡ ಇದೇ. ಎದುರಾಳಿ ಮೇಜಿನ ಆಚೆ ಕೂತ ಮನುಷ್ಯ, ಆದ್ರೆ ಕ್ಯಾಸಿನೊ ತನ್ನ ಪಾಲು ತೆಗೆಯುತ್ತಾ ಇರುತ್ತೆ.

ನಮ್ಮ ಮಾವನ ಪುಸ್ತಕದ ಪ್ರಕಾರ ಮಾವ ಗೆದ್ದವರು. ಗ್ರೋಟ್‌ಸಿಂಗರ್‌ನ ಪುಸ್ತಕದ ಪ್ರಕಾರ ಅವನು ಸೋತವನು. ಇಬ್ಬರಲ್ಲಿ ಆಟ ಗೊತ್ತಿದ್ದವನು ಯಾರು ಅಂತ ನೀವೇ ಹೇಳಿ.

ಭಾಗ 6

"ಹಾಗಾದ್ರೆ ಗೆದ್ದವರೇ ಇಲ್ವಾ?" ಇದ್ದಾರೆ. ಸುಳ್ಳು ಹೇಳಲ್ಲ. ಇಬ್ಬರ ಕಥೆ ಸಾಕು.

ಎಡ್ವರ್ಡ್ ಥಾರ್ಪ್, ಗಣಿತದ ಮೇಷ್ಟ್ರು. ಬ್ಲ್ಯಾಕ್‌ಜಾಕ್ ಆಟದಲ್ಲಿ ಒಮ್ಮೆ ಬಿದ್ದ ಎಲೆ ಕಟ್ಟಿಗೆ ತಕ್ಷಣ ವಾಪಸ್ ಹೋಗಲ್ಲ, ಹಾಗಾಗಿ ಉಳಿದ ಕಟ್ಟು ಕೆಲವೊಮ್ಮೆ ಆಟಗಾರನ ಕಡೆ ವಾಲುತ್ತೆ ಅನ್ನೋದನ್ನ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ. 1961ರಲ್ಲಿ ಗಣಿತಜ್ಞರ ಸಭೆಯಲ್ಲಿ ಪ್ರಬಂಧ ಓದಿದ. ಬೇರೆಯವರು ಕೊಟ್ಟ 10,000 ಡಾಲರ್ ಹಿಡಿದು ನೆವಾಡಕ್ಕೆ ಹೋಗಿ ಅದನ್ನ ದುಪ್ಪಟ್ಟು ಮಾಡಿ ಬಂದ. 1962ರಲ್ಲಿ ಪುಸ್ತಕ ಬರೆದ. 1964ರಲ್ಲಿ ಲಾಸ್ ವೇಗಸ್‌ನವರು ಆಟದ ನಿಯಮವನ್ನೇ ಬದಲಾಯಿಸಿದ್ರು, ಜನ ಆಡೋದು ಬಿಟ್ಟರು ಅಂತ ಕೆಲವೇ ವಾರದಲ್ಲಿ ಹಿಂದೆಗೆದುಕೊಂಡ್ರು. ಎಲೆ ಎಣಿಸುವವರನ್ನ ಬಾಗಿಲಲ್ಲೇ ತಡೆಯೋದು ಆಮೇಲೆ ಅಲ್ಲಿನ ವಾಡಿಕೆಯಾಯ್ತು. ಥಾರ್ಪ್ ಷೇರು ಮಾರುಕಟ್ಟೆಗೆ ಹೊರಟುಹೋದ. ಹುಡುಗರು ಈತನ ಕಥೆ ಹೇಳುವಾಗ ಒಂದು ವಿವರ ಬಿಟ್ಟುಬಿಡ್ತಾರೆ. ಕ್ಯಾಸಿನೊ ದಿನಗಳಲ್ಲಿ ಅವನು ಮೇಷ್ಟ್ರ ಕೆಲಸ ಬಿಟ್ಟಿರಲಿಲ್ಲ.

ಎರಡನೆಯವನು ಬಿಲ್ ಬೆಂಟರ್. ಇವನು ನಿಜಕ್ಕೂ ಇದನ್ನೇ ಉದ್ಯೋಗ ಮಾಡಿಕೊಂಡವನು, ಹಾಗಾಗಿ ಇವನ ಬಗ್ಗೆ ಸ್ವಲ್ಪ ಜಾಸ್ತಿ. ಭೌತಶಾಸ್ತ್ರ ಓದುತ್ತಿದ್ದವನು ಥಾರ್ಪ್‌ನ ಪುಸ್ತಕ ಓದಿ ಕಾಲೇಜು ಬಿಟ್ಟು ವೇಗಸ್‌ಗೆ ಹೋದ. ಎಲೆ ಎಣಿಸಿ ಬದುಕಿದ. ಕೆಲವೇ ವರ್ಷಕ್ಕೆ ಕ್ಯಾಸಿನೊಗಳ ಕಪ್ಪುಪಟ್ಟಿ ಸೇರಿದ. ಬಾಗಿಲೆಲ್ಲ ಮುಚ್ಚಿದ ಮೇಲೆ, 1980ರ ದಶಕದ ನಡುವೆ, ಅಲನ್ ವುಡ್ಸ್ ಎಂಬ ಆಸ್ಟ್ರೇಲಿಯಾದವನ ಜೊತೆ ಹಾಂಗ್‌ಕಾಂಗಿನ ಕುದುರೆ ರೇಸಿಗೆ ಬಂದ. ಇಬ್ಬರ ಕೈಯಲ್ಲಿ ಸುಮಾರು ಒಂದೂವರೆ ಲಕ್ಷ ಡಾಲರ್. ಹಳೆಯ ರೇಸುಗಳ ಫಲಿತಾಂಶವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ ಯಾವ ಕುದುರೆಗೆ ಎಷ್ಟು ಸಂಭವ ಅಂತ ಲೆಕ್ಕ ಮಾಡೋದು ಅವರ ಯೋಜನೆ. ಮೊದಮೊದಲು ಆ ದುಡ್ಡಿನ ಬಹುಪಾಲು ಹೋಯ್ತು. ಇಬ್ಬರ ನಡುವೆ ಜಗಳವಾಯ್ತು. ಬೆಂಟರ್ ಅಮೆರಿಕಕ್ಕೆ ವಾಪಸ್ ಹೋಗಿ, ದುಡ್ಡು ಕೂಡಿಸಿಕೊಂಡು ಮತ್ತೆ ಬಂದ.

ಆಮೇಲೆ ಗೆದ್ದ. ಗೆಲುವಿಗೆ ಕಾರಣವಾದ ಒಂದು ಹೊಳಹು ನೋಡಿ: ಜನ ಯಾವ ಕುದುರೆಗೆ ಎಷ್ಟು ಕಟ್ಟಿದ್ದಾರೆ ಅನ್ನೋ ದರವನ್ನೂ ತನ್ನ ಲೆಕ್ಕದೊಳಗೆ ಸೇರಿಸಿದ. ನನಗಿಂತ ಈ ಜನಕ್ಕೆ ಕೆಲವು ವಿಷಯ ಚೆನ್ನಾಗಿ ಗೊತ್ತು ಅಂತ ಒಪ್ಪಿಕೊಂಡ! ಜೂಜಾಡುವವರಲ್ಲಿ ಈ ಗುಣ ನೀವೆಲ್ಲಾದ್ರೂ ಕಂಡಿದ್ದೀರಾ? 1994ರಲ್ಲಿ ತನ್ನ ವಿಧಾನವನ್ನ ಪ್ರಬಂಧವಾಗಿ ಪ್ರಕಟಿಸಿದ, ಈಗಲೂ ಓದಬಹುದು. ಅದರಲ್ಲಿ ಅದೃಷ್ಟದ ಮಾತೇ ಇಲ್ಲ, ಸಂಖ್ಯಾಶಾಸ್ತ್ರ. ಕೆಲಸಗಾರರ ತಂಡ, ವರ್ಷಗಟ್ಟಲೆ ಅಂಕಿಅಂಶ, ದೊಡ್ಡ ಬಂಡವಾಳ. ಅದೊಂದು ಕಾರ್ಖಾನೆ. ಅಲ್ಲಿ ಎದೆ ಡವಗುಟ್ಟುವ ಕ್ಷಣಕ್ಕೆ ಜಾಗವೇ ಇಲ್ಲ.

ಈ ಇಬ್ಬರೂ ಆಟದ ಮಜಾ ತೆಗೆದುಹಾಕಿ ಗುಮಾಸ್ತನ ಕೆಲಸದಂತೆ ಮಾಡಿದರು. ನಮ್ಮ ಹುಡುಗ ಬಿಡಬೇಕು ಅಂತಿರೋದೇ ಅಂಥ ಕೆಲಸವನ್ನ.

ಭಾಗ 7

ಕೊನೆಯದಾಗಿ ನಮ್ಮ ನೆಲದ ಲೆಕ್ಕ. ಬೆಂಟರ್‌ನಷ್ಟು ಬುದ್ಧಿ ಇದೆ ಅಂತಲೇ ಇಟ್ಕೊಳ್ಳಿ. ನಮ್ಮ ಆದಾಯ ತೆರಿಗೆಯಲ್ಲಿ ಲಾಟರಿ, ರೇಸು, ಇಸ್ಪೀಟು, ಜೂಜಿನ ಗೆಲುವಿಗೆ ನೇರ ನೂರಕ್ಕೆ 30. ಕಿರಾಣಿ ಅಂಗಡಿಯವನು ಬಾಡಿಗೆ, ಕರೆಂಟ್ ಬಿಲ್ಲು ಕಳೆದು ಲಾಭಕ್ಕೆ ತೆರಿಗೆ ಕಟ್ತಾನೆ. ಜೂಜಿನವನಿಗೆ ಖರ್ಚು ಕಳೆಯೋ ಹಾಗಿಲ್ಲ, ಸೋಲನ್ನೂ ಕಳೆಯೋ ಹಾಗಿಲ್ಲ.

ಸಾವಿರ ರೂಪಾಯಿಯ ನೂರು ಪಂದ್ಯ ಆಡಿ 55 ಗೆದ್ದು 45 ಸೋತಿರಿ ಅನ್ನಿ. ಅದು ಅದ್ಭುತ ಆಟ. ಗೆದ್ದದ್ದು 55,000, ಸೋತದ್ದು 45,000, ಕೈಯಲ್ಲಿ ಉಳಿದದ್ದು 10,000. ತೆರಿಗೆ 55,000ಕ್ಕೆ: 16,500. ಅಷ್ಟು ಚೆನ್ನಾಗಿ ಆಡಿಯೂ 6,500 ರೂಪಾಯಿ ನಷ್ಟ. ಪೂರ್ತಿ ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದರೆ, ಕ್ಯಾಸಿನೊದ ಪಾಲಿಗಿಂತ ದೊಡ್ಡ ಪಾಲು ಇದು.

ಕೊನೆಯ ಫೋಟೊ ಪಣಜಿಯದು. ಸಂಜೆ, ಮಾಂಡೋವಿ ನದಿ, ದೀಪ ಹಾಕಿಕೊಂಡು ನಿಂತ ಕ್ಯಾಸಿನೊ ಹಡಗುಗಳು. ದಡದಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಕೆಎ ನಂಬರು ಎಷ್ಟಿದ್ವು ಅಂತ ಎಣಿಸಲು ಹೋಗಿ ಬಿಟ್ಟೆ. ಗೋವಾದವರು ಮಾತ್ರ ಅಲ್ಲಿ ಹೋಗಿ ಆಡೋ ಹಾಗಿಲ್ಲ. 2020ರ ಫೆಬ್ರುವರಿಯಿಂದ ಸ್ಥಳೀಯರಿಗೆ ಪ್ರವೇಶ ಬಂದ್. ಮಾಂಟೆ ಕಾರ್ಲೊ ಕ್ಯಾಸಿನೊ ಇರುವ ಮೊನಾಕೊದಲ್ಲೂ ಹೀಗೇ, ಅಲ್ಲಿನ ಪ್ರಜೆಗಳು ಅಲ್ಲಿ ಜೂಜಾಡುವಂತಿಲ್ಲ. ಆಟ ನಡೆಸುವ ಸರ್ಕಾರಗಳಿಗೆ ತಮ್ಮ ಮಕ್ಕಳ ವಿಷಯದಲ್ಲಿ ಲೆಕ್ಕ ಚೆನ್ನಾಗೇ ಗೊತ್ತಿದೆ.

ಹುಡುಗನಿಗೆ ಇಷ್ಟನ್ನೂ ಕಳಿಸಿದೆ. ಜೊತೆಗೆ ಒಂದು ಪ್ರಶ್ನೆ ಕೇಳಿದೆ: ರಮ್ಮಿ ಆಡಿದ ಎರಡು ವರ್ಷದ ಲೆಕ್ಕ ನಿನ್ನ ಹತ್ತಿರ ಇದೆಯಾ? ಗೆದ್ದದ್ದಕ್ಕೆ ಸ್ಕ್ರೀನ್‌ಶಾಟ್ ಇದೆ ಅಂದ. ಸೋತದ್ದು? ಅದು ಆ್ಯಪ್‌ನಲ್ಲಿತ್ತು, ಆ್ಯಪ್ ಈಗ ಇಲ್ಲ ಅಂದ.

ಬ್ಯಾಂಕಿಗೆ ಹೋಗಿ ಎರಡು ವರ್ಷದ ಸ್ಟೇಟ್‌ಮೆಂಟ್ ತೆಗೆಸು ಅಂತ ಬರೆದೆ. ಮೆಸೇಜ್ ನೋಡಿದ್ದಾನೆ ಅಂತ ತೋರಿಸ್ತಿದೆ.